ಅಡುಗೆಯಾಟದ ನಡುವೆ ಪರೀಕ್ಷೆ ಬೇಡ

ಇವತ್ತು ಒಂದು ಶಿಶುವಿಹಾರದ ಪೋಷಕರ ಸಭೆಯಲ್ಲಿ ಕಂಡದ್ದಕ್ಕೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಅಂಗಳದ ಮೂಲೆಯಲ್ಲಿ ಪುಟ್ಟ ಹುಡುಗಿಯೊಬ್ಬಳು ಕರಟದಲ್ಲಿ ಮರಳು ಕಲಸಿ ದಾಸವಾಳದ ಎಲೆಗಳ ಮೇಲೆ ಬಡಿಸುತ್ತಿದ್ದಳು. ಜೊತೆಯ ಹುಡುಗ ಕೈಹಾಕಿದಾಗ ‘ತಾಳು, ಬಿಸಿಯಿದೆ’ ಎಂದು ಊದಿದಳು. ಅಷ್ಟರಲ್ಲಿ ಶಿಕ್ಷಕಿ ಬಂದು ‘ಎಲೆ ಎಷ್ಟಿದೆ? ಬಣ್ಣ ಯಾವುದು?’ ಎಂದು ಕೇಳಿದರು. ಮಗು ಎದ್ದು ನಿಂತು ‘ಮೂರು, ಹಸಿರು’ ಎಂದಿತು. ಪೋಷಕರು ಚಪ್ಪಾಳೆ ತಟ್ಟಿದರು. ಆಟ ಅಲ್ಲಿಗೇ ನಿಂತುಹೋಯಿತು.

ನಿಂತದ್ದು ಎಂಥ ಕೆಲಸ ಎಂಬ ಅರಿವು ಅಲ್ಲಿ ಯಾರಿಗೂ ಇದ್ದಂತಿರಲಿಲ್ಲ. ಮನೋವಿಜ್ಞಾನಿ ಅಲನ್ ಲೆಸ್ಲಿ ಅವರ ಪ್ರಯೋಗವನ್ನು ನನ್ನ ತರಗತಿಯಲ್ಲಿ ಕೂತವರು ಮರೆತಿರಲಾರಿರಿ. ಮಗು ಖಾಲಿ ಬಾಟಲಿಯಿಂದ ಎರಡು ಲೋಟಗಳಿಗೆ ಚಹಾವನ್ನೋ ಹಣ್ಣಿನ ರಸವನ್ನೋ ಸುರಿದಂತೆ ಮಾಡುತ್ತದೆ. ದೊಡ್ಡವರು ಒಂದು ಲೋಟವನ್ನು ಮಗುಚಿ, ಕೊಡವಿ, ಮತ್ತೆ ನೆಟ್ಟಗಿಡುತ್ತಾರೆ. ‘ಖಾಲಿ ಲೋಟ ಯಾವುದು?’ ಎಂದರೆ ಎರಡರಿಂದ ಮೂರು ವರ್ಷದ ಮಕ್ಕಳು ಮಗುಚಿದ್ದನ್ನೇ ತೋರಿಸುತ್ತಾರೆ. ಎರಡರಲ್ಲೂ ಒಂದು ತೊಟ್ಟೂ ಇಲ್ಲ! ಕಣ್ಣೆದುರಿನ ನಿಜವನ್ನು ಕೈಬಿಡದೆ, ಇಲ್ಲದ ಚಹಾದ ಲೆಕ್ಕವನ್ನೂ ತಪ್ಪದೆ ಇಡುತ್ತದೆ ಆ ಎಳೆಯ ತಲೆ. ಮರಳಿಗೆ ಬಿಸಿ ತಂದು, ಇನ್ನೊಬ್ಬನ ನಾಲಿಗೆ ಸುಟ್ಟೀತೆಂದು ಊದುವುದು ಅದಕ್ಕಿಂತ ದೊಡ್ಡ ಯೋಚನೆ. ಅದನ್ನು ತಡೆದು ನಾವು ಕೇಳಿದ್ದು ಎಲೆಯ ಬಣ್ಣವನ್ನು.

‘ಆಟದಿಂದ ಬುದ್ಧಿ ಬೆಳೆಯುತ್ತದೆಂದು ಸಂಶೋಧನೆಯೇ ಹೇಳಿದೆ, ಆ ಬುದ್ಧಿಯನ್ನೇ ಬೆಳೆಸುತ್ತಿದ್ದೇವೆ’ ಎಂದರು ಅಲ್ಲಿನ ಮುಖ್ಯಸ್ಥರು. ಸಂಶೋಧನೆ ಅಷ್ಟು ಸಲೀಸಾಗಿ ಹಾಗೆ ಹೇಳಿಲ್ಲ. 2013ರಲ್ಲಿ ಮನೋವಿಜ್ಞಾನಿ ಆ್ಯಂಜಲೀನ್ ಲಿಲ್ಲಾರ್ಡ್ ಮತ್ತು ಸಂಗಡಿಗರು ಹಿಂದಿನ ಅಧ್ಯಯನಗಳನ್ನೆಲ್ಲ ಜಾಲಾಡಿ ನೋಡಿದರು. ನಟನೆಯ ಆಟವೇ ಬುದ್ಧಿಯನ್ನು ಬೆಳೆಸುತ್ತದೆ ಎನ್ನಲು ಗಟ್ಟಿ ಪುರಾವೆ ಅವರಿಗೆ ಸಿಗಲಿಲ್ಲ. ಹಲವು ಅಧ್ಯಯನಗಳಲ್ಲಿ, ಯಾವ ಮಗುವಿಗೆ ಆಟದ ತರಬೇತಿ ಸಿಕ್ಕಿತ್ತು ಎಂಬುದು ಪರೀಕ್ಷಿಸುವವರಿಗೆ ಮೊದಲೇ ಗೊತ್ತಿತ್ತು, ಹಾಗಾಗಿ ಅವರ ಅಳತೆ ಒಂದು ಕಡೆಗೆ ವಾಲಿರಬಹುದು. ಹಾಗೆಂದು ಆಟ ದಂಡವಾಗುವುದಿಲ್ಲ. ಮುಂದೆ ಅಂಕ ತರಲಿ ಬಿಡಲಿ, ಆಡುವ ಹೊತ್ತಿನಲ್ಲೇ ಮಗು ಯೋಚಿಸುತ್ತಿರುತ್ತದೆ. ನನಗೆ ಅಷ್ಟು ಸಾಕು.

ಇಷ್ಟು ವರ್ಷ ಮಕ್ಕಳ ಆಟ ನೋಡುತ್ತಾ ಬಂದರೂ ಅದು ಅರ್ಧಕ್ಕೆ ನಿಂತಾಗ ನನಗೆ ಅಳು ಬರುತ್ತದೆ. ಇವತ್ತೂ ಬಂತು. ದೊಡ್ಡವರು ಆಟಕ್ಕೆ ಸೇರಲೇಬಾರದು ಎನ್ನುತ್ತಿಲ್ಲ. ಮಗು ಕರೆದರೆ ಹೋಗಿ ಕೂತು ಉಣ್ಣಿ, ಉಪ್ಪು ಕಡಿಮೆಯಾಯಿತು ಎನ್ನಿ, ಮುಂದಿನದನ್ನು ಅದೇ ನೋಡಿಕೊಳ್ಳುತ್ತದೆ. ಕರೆಯದಿದ್ದರೆ ದೂರ ಇರಿ. ಇನ್ನು ಅಪ್ಪ ಅಮ್ಮಂದಿರೇ, ಮುಂದಿನ ಸಭೆಯಲ್ಲಿ ‘ಮಗು ಏನೇನು ಕಲಿತಿದೆ?’ ಎನ್ನುವ ಮೊದಲು ‘ದಿನಕ್ಕೆ ಎಷ್ಟು ಹೊತ್ತು ಅದರ ಪಾಡಿಗೆ ಆಡಲು ಬಿಡುತ್ತೀರಿ?’ ಎಂದು ಕೇಳಿ. ಉತ್ತರ ಸಿಗುವವರೆಗೂ ಕುರ್ಚಿ ಬಿಟ್ಟು ಏಳಬೇಡಿ.