48 ಮೆಗಾಪಿಕ್ಸೆಲ್‌ನ ನೀರುಮಜ್ಜಿಗೆ

ಕಳೆದ ಒಂದು ತಿಂಗಳಿನಿಂದ ಇನ್‌ಬಾಕ್ಸ್‌ಗೆ ಒಂದೇ ಪ್ರಶ್ನೆ ಬರುತ್ತಿದೆ. "ಅಣ್ಣಾ, ಆನ್‌ಲೈನ್‌ನಲ್ಲಿ ನಾಲ್ಕು ಸಾವಿರಕ್ಕೆ 48 ಮೆಗಾಪಿಕ್ಸೆಲ್ ಕ್ಯಾಮೆರಾ ಸಿಗುತ್ತಿದೆ, ತೆಗೆದುಕೊಳ್ಳಬಹುದೇ?" ಹಾಸನದಲ್ಲಿ 18 ವರ್ಷ ಸ್ಟುಡಿಯೊ ಇಟ್ಟುಕೊಂಡಿದ್ದ ತಪ್ಪಿಗೆ ಇದನ್ನು ಅನುಭವಿಸುತ್ತಿದ್ದೇನೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರಿಸುವ ತಾಳ್ಮೆ ಇಲ್ಲ. ಆ ಜಾತಿಯ ಕ್ಯಾಮೆರಾ ಒಂದು ನಮ್ಮ ಮನೆಗೇ ಬಂದಿದ್ದರಿಂದ, ಕಂಡದ್ದನ್ನು ಇಲ್ಲಿ ಬರೆದುಬಿಡುತ್ತೇನೆ.

ತರಿಸಿದವರು ನಮ್ಮ ಭಾವ. ಅಕ್ಕನ ಮಗಳು ಪ್ರಥಮ ಪಿಯುಸಿ ಓದುತ್ತಾ ಹಾಸ್ಟೆಲಿನಲ್ಲಿದ್ದಾಳೆ. ಅಲ್ಲಿ ಮೊಬೈಲ್ ಕಂಡರೆ ಪೋಷಕರನ್ನು ಕರೆಸುತ್ತಾರೆ. ಕಾಲೇಜಿನಿಂದ ಬೇಲೂರು, ಹಳೇಬೀಡಿಗೆ ಪ್ರವಾಸ ಹೊರಟಾಗ ಕ್ಯಾಮೆರಾ ತರಬಹುದು ಎಂದರು, ಅಷ್ಟೇ. "ಮೊಬೈಲ್ ಇರುವಾಗ ಕ್ಯಾಮೆರಾ ಏಕೆ" ಎಂದು ಕೇಳಲು ಬಾಯಿ ತೆರೆದವರು ಇಲ್ಲಿಯೇ ಮುಚ್ಚಬಹುದು. ಭಾವ 4,199 ರೂಪಾಯಿ ಕೊಟ್ಟರು. ಡಬ್ಬದ ಮೇಲೆ 48 ಮೆಗಾಪಿಕ್ಸೆಲ್, 4ಕೆ ವಿಡಿಯೊ, 16 ಪಟ್ಟು ಜೂಮ್ ಎಂದು ಚಿನ್ನದ ಬಣ್ಣದಲ್ಲಿ ಅಚ್ಚಾಗಿತ್ತು. ಜೊತೆಗೆ ಒಂದು ಚೀಲ, ಕೊರಳಿಗೆ ಹಾಕುವ ದಾರ, 32 ಜಿಬಿ ಕಾರ್ಡು. ನನ್ನನ್ನು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ.

ಪ್ರವಾಸ ಮುಗಿಸಿ ಬಂದವಳು ಕಾರ್ಡನ್ನು ನನ್ನ ಕಂಪ್ಯೂಟರಿಗೆ ಹಾಕಿ, "ಮಾಮ, ದರ್ಪಣ ಸುಂದರಿ ಏಕೆ ಹೀಗೆ ಬಂದಿದ್ದಾಳೆ?" ಎಂದಳು. ಬೇಲೂರು ನೋಡಿದವರಿಗೆ ಗೊತ್ತು, ಮದನಿಕೆಯರು ಸೂರಿನ ಕೆಳಗೆ, ನಮ್ಮ ತಲೆಗಿಂತ ಬಹಳ ಎತ್ತರದಲ್ಲಿ ಓರೆಯಾಗಿ ನಿಂತಿದ್ದಾರೆ. ಹುಡುಗಿ ನೆಲದಿಂದಲೇ ಜೂಮ್ ಗುಂಡಿಯನ್ನು ಕೊನೆಯವರೆಗೂ ಒತ್ತಿದ್ದಾಳೆ. ಪರದೆಯ ಮೇಲೆ ಇದ್ದದ್ದು ಮಳೆಗೆ ನೆಂದ ಬೆಲ್ಲದ ಅಚ್ಚು. ಕನ್ನಡಿ ಯಾವುದು, ಕೈ ಯಾವುದು, ಕೊರಳ ಹಾರ ಯಾವುದು, ಒಂದೂ ಬೇರೆಯಾಗಿ ಕಾಣುತ್ತಿರಲಿಲ್ಲ. ನವರಂಗದೊಳಗಿನ ಕಂಬಗಳ ಚಿತ್ರಗಳಂತೂ ರಾತ್ರಿ ಕರೆಂಟು ಹೋದಾಗ ತೆಗೆದಂತೆ ಇದ್ದವು.

ಆದರೂ ತಕ್ಷಣ ತೀರ್ಪು ಕೊಡಬಾರದು ಎಂದು ನಾಲ್ಕು ದಿನ ಕ್ಯಾಮೆರಾವನ್ನು ನನ್ನ ಬಳಿಯೇ ಇಟ್ಟುಕೊಂಡೆ. ಪರೀಕ್ಷೆಗೆ ದುಬಾರಿ ಸಲಕರಣೆ ಬೇಕಿಲ್ಲ, ಗೋಡೆಯ ಮೇಲಿನ ಕ್ಯಾಲೆಂಡರ್ ಸಾಕು. ತಿಥಿ, ನಕ್ಷತ್ರ, ರಾಹುಕಾಲ ಎಲ್ಲವೂ ಇರುವೆ ಸಾಲಿನಂಥ ಅಕ್ಷರಗಳಲ್ಲಿ ಇರುತ್ತವೆಯಲ್ಲ, ಅದಕ್ಕಿಂತ ಕಠಿಣವಾದ ಪರೀಕ್ಷಕ ಇನ್ನೊಬ್ಬನಿಲ್ಲ. ಹಗಲು ಬೆಳಕಿನಲ್ಲಿ, ಆರು ಅಡಿ ದೂರದಲ್ಲಿ ಸ್ಟೂಲಿನ ಮೇಲೆ ಕ್ಯಾಮೆರಾ ಇಟ್ಟು, ಮೆನುವಿನಲ್ಲಿ ಮೊದಲು 48, ಆಮೇಲೆ 20, ಆಮೇಲೆ 8 ಎಂದು ಬದಲಾಯಿಸುತ್ತಾ ಚಿತ್ರ ತೆಗೆದೆ. ಮೂರನ್ನೂ ಕಂಪ್ಯೂಟರಿನಲ್ಲಿ ಒಂದೇ ಅಳತೆಗೆ ಹಿಗ್ಗಿಸಿ ಅಕ್ಕಪಕ್ಕ ಇಟ್ಟೆ. ದಿನಾಂಕದ ದೊಡ್ಡ ಅಂಕಿ ಮೂರರಲ್ಲೂ ಚೆನ್ನಾಗಿತ್ತು. "ಏಕಾದಶಿ" ಎಂಬುದನ್ನು ಊಹಿಸಿ ಓದಬಹುದಿತ್ತು. ಅದರ ಕೆಳಗಿನ ನಕ್ಷತ್ರ 8ರಲ್ಲೂ ಓದಲಾಗಲಿಲ್ಲ, 48ರಲ್ಲೂ ಓದಲಾಗಲಿಲ್ಲ. ಕಡತದ ಗಾತ್ರ ಮಾತ್ರ ಊದಿಕೊಂಡಿತ್ತು.

ಇದರ ಗುಟ್ಟು ಸರಳ. ಇಂಥ ಹೆಸರಿಲ್ಲದ ಕ್ಯಾಮೆರಾಗಳಲ್ಲಿ ಬಹುತೇಕ ಇರುವುದು ಅಗ್ಗದ ಮೊಬೈಲಿಗೆ ಹಾಕುವಂಥ ಪುಟ್ಟ ಸೆನ್ಸರ್, ಎಂದರೆ ಬೆಳಕು ಹಿಡಿಯುವ ತುಣುಕು. ಅದು 8 ಮೆಗಾಪಿಕ್ಸೆಲ್, ಎಂದರೆ 80 ಲಕ್ಷ ಚುಕ್ಕೆಗಳದ್ದು ಎಂದು ಇಟ್ಟುಕೊಳ್ಳಿ. ಒಳಗಿನ ಚಿಪ್ಪು ಎರಡು ನಿಜವಾದ ಚುಕ್ಕೆಗಳ ನಡುವೆ ಏನಿರಬಹುದು ಎಂದು ಲೆಕ್ಕ ಹಾಕಿ ಹೊಸ ಚುಕ್ಕೆಗಳನ್ನು ತುಂಬುತ್ತದೆ. ಇಂಟರ್‌ಪೋಲೇಷನ್ ಎನ್ನುತ್ತಾರೆ. ಒಂದು ಲೋಟ ಮಜ್ಜಿಗೆಗೆ ಐದು ಲೋಟ ನೀರು ಹೊಯ್ದು ಆರು ಲೋಟ ಮಜ್ಜಿಗೆ ಎಂದು ಮಾರಿದಂತೆ. ನೀರುಮಜ್ಜಿಗೆಗಾದರೂ ಒಗ್ಗರಣೆ ಬೀಳುತ್ತದೆ, ಇದಕ್ಕೆ ಅದೂ ಇಲ್ಲ. (ದೊಡ್ಡ ಕಂಪನಿಗಳ ಮೊಬೈಲ್‌ಗಳಲ್ಲಿ ಬರುವ 48, 50 ಮೆಗಾಪಿಕ್ಸೆಲ್ ಬೇರೆ ವಿಷಯ. ಅಲ್ಲಿ ಸೆನ್ಸರ್‌ನಲ್ಲಿ ಅಷ್ಟು ಚುಕ್ಕೆಗಳು ನಿಜವಾಗಿಯೂ ಇರುತ್ತವೆ, ಕ್ಯಾಮೆರಾ ನಾಲ್ಕನ್ನು ಒಂದಾಗಿ ಕೂಡಿಸುತ್ತದೆ. ಕಾಮೆಂಟಿನಲ್ಲಿ ಇದಕ್ಕೆ ಜಗಳ ಬೇಡ.)

16 ಪಟ್ಟು ಜೂಮ್ ಕೂಡ ಇದೇ ಲೆಕ್ಕ. ಅದು ಡಿಜಿಟಲ್ ಜೂಮ್, ಎಂದರೆ ಚಿತ್ರದ ನಡುಭಾಗವನ್ನು ಕತ್ತರಿಸಿ ಹಿಗ್ಗಿಸುವುದು. ಆ ಕೆಲಸವನ್ನು ಕಂಪ್ಯೂಟರ್ ಪುಕ್ಕಟೆಯಾಗಿ ಮಾಡುತ್ತದೆ. ಡಬ್ಬದ ಮಾತು ನಂಬಬೇಡಿ, ಲೆನ್ಸಿನ ಸುತ್ತ ಬರೆದದ್ದನ್ನು ಓದಿ. ಮಿಲಿಮೀಟರಿನ ಮುಂದೆ ಒಂದೇ ಸಂಖ್ಯೆ ಇದ್ದರೆ ಆ ಲೆನ್ಸು ಜೂಮ್ ಮಾಡುವುದಿಲ್ಲ. ನಡುವೆ ಗೆರೆ ಎಳೆದ ಎರಡು ಸಂಖ್ಯೆ ಇದ್ದರೆ ಮಾಡುತ್ತದೆ. ಇದೊಂದನ್ನು ನೆನಪಿಟ್ಟುಕೊಂಡರೆ ನನಗೆ ಬರುವ ಸಂದೇಶಗಳು ಅರ್ಧಕ್ಕೆ ಇಳಿಯುತ್ತವೆ.

ಇನ್ನೊಂದು ಕೊರತೆ ಡಬ್ಬದ ಮೇಲೆ ಎಲ್ಲಿಯೂ ಇರಲಿಲ್ಲ: ನಾಲ್ಕು ದಿನ ತಿರುವಿ ಹಾಕಿದರೂ ಇದು ಫೋಕಸ್ ಮಾಡಿದ್ದನ್ನು ನಾನು ಕಾಣಲಿಲ್ಲ. ಲೆನ್ಸನ್ನು ಒಂದು ದೂರಕ್ಕೆ ಅಂಟಿಸಿಬಿಟ್ಟಿದ್ದಾರೆ. ಹತ್ತಿರದ ಹೂವು ಮಂಜು, ಗುಂಪಿನ ಫೋಟೊ ಪರವಾಗಿಲ್ಲ. ಗುಂಡಿ ಒತ್ತಿದ ಮೇಲೆ ಚಿತ್ರ ಬೀಳುವಷ್ಟರಲ್ಲಿ ನಗು ಮುಗಿದಿರುತ್ತದೆ.

ಇಷ್ಟು ಬೈದ ಮೇಲೂ ಹೇಳುತ್ತೇನೆ, ಅಗ್ಗವಾಗಿರುವುದು ನನ್ನ ದೂರಲ್ಲ. ಚುಕ್ಕೆ ಕಡಿಮೆ ಇರುವುದೂ ದೂರಲ್ಲ. 4×6 ಅಂಗುಲದ ಪ್ರಿಂಟಿಗೆ 2 ಮೆಗಾಪಿಕ್ಸೆಲ್ಲಿಗಿಂತ ತುಸು ಹೆಚ್ಚಿದ್ದರೆ ಸಾಕು. ಸ್ಟುಡಿಯೊದಲ್ಲಿ ನಾನು ಕೊಂಡ ಮೊದಲ ಡಿಜಿಟಲ್ ಕ್ಯಾಮೆರಾ 3.2 ಮೆಗಾಪಿಕ್ಸೆಲ್‌ನದು, ಅದರಲ್ಲಿ ತೆಗೆದ ನಾಮಕರಣಗಳ ಮಕ್ಕಳು ಈಗ ಎಂಜಿನಿಯರಿಂಗ್ ಓದುತ್ತಿದ್ದಾರೆ, ಆಲ್ಬಮ್‌ಗಳು ಚೆನ್ನಾಗಿಯೇ ಇವೆ. 2025ರಲ್ಲಿ ಕೊಡಕ್ ಹೆಸರಿನಲ್ಲಿ ಚಾರ್ಮೆರಾ ಎಂಬ ಬೀಗದಕೈ ಗೊಂಚಲಿಗೆ ಸಿಕ್ಕಿಸುವ ಕ್ಯಾಮೆರಾ ಬಂತು. ಅಮೆರಿಕದಲ್ಲಿ ಸುಮಾರು 30 ಡಾಲರ್, ತೂಕ 30 ಗ್ರಾಂ, 1.6 ಮೆಗಾಪಿಕ್ಸೆಲ್. ಡಬ್ಬ ಒಡೆಯುವವರೆಗೆ ಯಾವ ಬಣ್ಣದ್ದು ಎಂದೂ ತಿಳಿಯದು. ಆಟಿಕೆ ಎಂದೇ ಮಾರುತ್ತಾರೆ, 1.6 ಎಂದೇ ಹೇಳುತ್ತಾರೆ. 1975ರಲ್ಲಿ ಅದೇ ಕೊಡಕ್‌ನಲ್ಲಿ ಸ್ಟೀವ್ ಸ್ಯಾಸನ್ ಮಾಡಿದ ಮೊದಲ ಡಿಜಿಟಲ್ ಕ್ಯಾಮೆರಾ 0.01 ಮೆಗಾಪಿಕ್ಸೆಲ್‌ನದು, ಒಂದು ಚಿತ್ರವನ್ನು ಕ್ಯಾಸೆಟ್ಟಿಗೆ ಬರೆಯಲು 23 ಸೆಕೆಂಡು ತೆಗೆದುಕೊಳ್ಳುತ್ತಿತ್ತು. ಅದರ ಮುಂದೆ ಚಾರ್ಮೆರಾ ಐರಾವತ. ನನಗೆ ಸಿಟ್ಟು ಬರುವುದು ಲೆನ್ಸಿಗೆ ಹಾಕಬೇಕಾದ ಹಣವನ್ನು ಡಬ್ಬದ ಮೇಲಿನ ಸಂಖ್ಯೆಗೆ ಹಾಕುವವರ ಮೇಲೆ. ಅಗ್ಗವೆಂದು ಮುಗ್ಗಲು ಜೋಳ ಕೊಂಡವನಿಗೆ ಮುಗ್ಗಿದ ವಾಸನೆಯಾದರೂ ಬರುತ್ತಿತ್ತು. ಇಲ್ಲಿ ಜೋಳಕ್ಕೆ ಅತ್ತರು ಬಳಿದಿದ್ದಾರೆ.

ಹಾಗಾದರೆ ಅದೇ ದುಡ್ಡಿಗೆ ಏನು ಕೊಳ್ಳಬೇಕು? ಹಳೆಯದನ್ನು. ಬೆಂಗಳೂರಿನಲ್ಲಿ ಕ್ಯಾಮೆರಾ ರಿಪೇರಿ ಮಾಡುವ ಪರಿಚಯದವರೊಬ್ಬರ ಕಪಾಟಿನಿಂದ 3,200 ರೂಪಾಯಿಗೆ ಕ್ಯಾನನ್ ಪವರ್‌ಶಾಟ್ ಎ590 ಐಎಸ್ ತಂದೆ. 2008ರ ಮಾಡೆಲ್, 8 ಮೆಗಾಪಿಕ್ಸೆಲ್. ಲೆನ್ಸಿನ ಸುತ್ತ 5.8-23.2 ಎಂದಿದೆ, ನಾಲ್ಕು ಪಟ್ಟು ನಿಜವಾದ ಜೂಮ್. ಕೈ ನಡುಕವನ್ನೂ ಸ್ವಲ್ಪ ತಾಳಿಕೊಳ್ಳುತ್ತದೆ. ಎರಡು ಪೆನ್ಸಿಲ್ ಸೆಲ್ ಹಾಕಿದರೆ ಓಡುತ್ತದೆ, ಹಾಸ್ಟೆಲಿನ ಹುಡುಗಿಗೆ ಇದಕ್ಕಿಂತ ದೊಡ್ಡ ಅನುಕೂಲ ಇಲ್ಲ. ಆದರೆ ಹಳೆಯದನ್ನು ಕಣ್ಣು ಮುಚ್ಚಿ ಕೊಳ್ಳಬೇಡಿ. ಸೆಲ್ ಹಾಕುವ ಜಾಗದ ಮುಚ್ಚಳ ತೆರೆದು ಹಸಿರು ಕಿಲುಬು ಹಿಡಿದಿದೆಯೇ ನೋಡಿ, ಮುಚ್ಚಳದ ಕೊಂಡಿ ಮುರಿದಿದೆಯೇ ನೋಡಿ. ಆನ್ ಮಾಡಿದಾಗ ಲೆನ್ಸು ಕರಕರ ಎನ್ನದೆ ಹೊರಬರಬೇಕು. ಜೂಮನ್ನು ಕೊನೆಯವರೆಗೆ ಎಳೆದು ಬಿಳಿ ಗೋಡೆಯ ಚಿತ್ರ ತೆಗೆಯಿರಿ, ಕಪ್ಪು ಮಚ್ಚೆ ಕಂಡರೆ ಒಳಗೆ ದೂಳು ಕೂತಿದೆ. ಯಾವ ಕಾರ್ಡು ಹಿಡಿಯುತ್ತದೆ ಎಂದೂ ಕೇಳಿ. ಹಳೆಯ ಸೋನಿಗೆ ಮೆಮೊರಿ ಸ್ಟಿಕ್, ಹಳೆಯ ಒಲಿಂಪಸ್‌ಗೆ ಎಕ್ಸ್‌ಡಿ ಕಾರ್ಡು ಬೇಕು, ಅವನ್ನು ಹುಡುಕುವಷ್ಟರಲ್ಲಿ ಚಪ್ಪಲಿ ಸವೆಯುತ್ತದೆ. ಈಗ ಹಳೆಯ ಕ್ಯಾಮೆರಾ ಹಿಡಿಯುವುದು ಹುಡುಗರಿಗೆ ಶೋಕಿಯಾಗಿ ಬೆಲೆಯೂ ಏರಿದೆ, ಚೌಕಾಸಿ ಬಿಡಬೇಡಿ.

ಒಂದು ಭಾನುವಾರ ಅವಳನ್ನು ಕರೆದುಕೊಂಡು ಮತ್ತೆ ಬೇಲೂರಿಗೆ ಹೋದೆ. ಹಾಸನದಿಂದ ಎಷ್ಟು ದೂರ ಮಹಾ! ಅದೇ ಜಾಗದಲ್ಲಿ ನಿಂತು, ಗುಂಡಿಯನ್ನು ಅರ್ಧ ಒತ್ತಿ, ಹಸಿರು ಚೌಕ ಬರುವವರೆಗೆ ಕಾದು ಆಮೇಲೆ ಪೂರ್ತಿ ಒತ್ತು ಎಂದು ಹೇಳಿಕೊಟ್ಟೆ. ದರ್ಪಣ ಸುಂದರಿಯ ಬೆರಳುಗಳು ಕನ್ನಡಿಯ ಹಿಡಿಯನ್ನು ಸುತ್ತಿಕೊಂಡಿರುವುದು ಆ ಪುಟ್ಟ ಪರದೆಯಲ್ಲಿಯೇ ಕಂಡಿತು. ನವರಂಗದೊಳಗೆ ಇದೂ ಅಷ್ಟಕ್ಕಷ್ಟೇ, ಚಿತ್ರದಲ್ಲಿ ರವೆ ಉದುರಿಸಿದಂತೆ ಕಾಳುಕಾಳು. ಆ ಕಾಲದ ಪುಟ್ಟ ಸೆನ್ಸರ್‌ನಿಂದ ಅದಕ್ಕಿಂತ ಹೆಚ್ಚು ಕೇಳುವುದು ನ್ಯಾಯವಲ್ಲ.

48ರ ಕ್ಯಾಮೆರಾವನ್ನು ವಾಪಸು ಕಳಿಸುವ ಏಳು ದಿನದ ಗಡುವು ಪ್ರವಾಸದಲ್ಲಿಯೇ ಕಳೆದುಹೋಗಿತ್ತು. ಈಗ ಅದು ಅವಳ ಆರು ವರ್ಷದ ತಮ್ಮನ ಕೊರಳಲ್ಲಿದೆ. ಮೊನ್ನೆ ಅಕ್ಕನ ಊರಿಗೆ ಹೋದಾಗ ಕಾರ್ಡು ತುಂಬಿತು ಎಂದು ಅಳುತ್ತಾ ಬಂದ. ತೆಗೆದು ನೋಡಿದರೆ ಬಹುಪಾಲು ಕೋಳಿಗಳು, ಎಲ್ಲವೂ ಕೋಳಿಯ ಎತ್ತರದಿಂದಲೇ ತೆಗೆದವು, ಒಂದಕ್ಕೂ ಕೊಕ್ಕು ನೆಟ್ಟಗಿಲ್ಲ. ಬ್ಯಾಟರಿ ತೆಗೆದು ಹಾಕಿದಾಗಲೆಲ್ಲ ತಾರೀಕು ಹಿಂದಕ್ಕೆ ಹೋಗುವುದರಿಂದ ಅವನು ಹುಟ್ಟುವ ಮುಂಚಿನ ಕೋಳಿಗಳೂ ಇವೆ. ಎರಡನ್ನು ಆರಿಸಿ ಪ್ರಿಂಟ್ ಹಾಕಿಸಿಕೊಟ್ಟೆ. ಭಾವ ನನ್ನ ಕಡೆ ನೋಡಿ, "ದುಡ್ಡು ದಂಡವಾಗಲಿಲ್ಲ ಬಿಡು" ಎಂದರು. ಇವನಿಗಾದರೆ ಒಂಬೈನೂರರ ಆಟಿಕೆ ಸಾಕಿತ್ತು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಕ್ಕ ಕಾಫಿ ತಂದಳು, ಸುಮ್ಮನಾದೆ.