ಕುರಿ ಕಣ್ಣು

ಕುರಿಯನ್ನು ದಡ್ಡ ಅಂದವರು ಒಂದು ದಿನವೂ ಕುರಿ ಹಿಡಿದಿರಲಿಕ್ಕಿಲ್ಲ. ನಮ್ಮ ಶಿರಾ ಕಡೆ ಯಾವುದಾದರೂ ರೊಪ್ಪಕ್ಕೆ ಸದ್ದಿಲ್ಲದೆ ಕುರಿಯ ಹಿಂದಿನಿಂದ ಓರೆಯಾಗಿ ಹೋಗಿ ನೋಡಿ. ಅದು ಕತ್ತು ಕೂಡ ತಿರುಗಿಸುವುದಿಲ್ಲ, ಸುಮ್ನೆ ಸೊಪ್ಪು ಮೇಯುತ್ತಿರುತ್ತದೆ, ನೀವು ಕೈ ಚಾಚುವ ಹೊತ್ತಿಗೆ ಆ ಮೂಲೆ ಸೇರಿರುತ್ತದೆ.

ಕಣ್ಣು ಮುಖದ ಪಕ್ಕಕ್ಕಿರುವುದರಿಂದ ಬೆನ್ನ ಹಿಂದಿನ ಒಂದಿಷ್ಟು ಜಾಗ ಬಿಟ್ಟು ಸುತ್ತಲೂ ಕಾಣುತ್ತದೆ. ಮಜಾ ಇರುವುದು ಅದರ ಒಳಗೆ. ಎರಡೂ ಕಣ್ಣಿನ ನರಗಳು ಮಿದುಳಿನ ಬುಡದಲ್ಲಿ ಸೇರುತ್ತವೆ. ಕುರಿಯಲ್ಲಿ ಬಹುಪಾಲು ಎಳೆಗಳು ಅಲ್ಲಿಂದ ಎದುರು ಬದಿಗೆ ದಾಟುತ್ತವೆ. ಇಲಿಯಲ್ಲಂತೂ ದಾಟದೆ ಉಳಿಯುವುದು ತೀರಾ ಕಡಿಮೆ. ನಮ್ಮಲ್ಲಿ ಹಾಗಲ್ಲ. ಕಣ್ಣಿನ ಒಳಪರದೆಯಲ್ಲಿ ಮೂಗಿನ ಕಡೆಯ ಅರ್ಧದಿಂದ ಬಂದವು ದಾಟುತ್ತವೆ, ಕಿವಿ ಕಡೆಯವು ತಮ್ಮ ಬದಿಯಲ್ಲೇ ಉಳಿಯುತ್ತವೆ. ಎಡಗಡೆಯಿಂದ ಬಂದ ಬೆಳಕು ಎರಡೂ ಒಳಪರದೆಗಳ ಬಲ ಅರ್ಧಕ್ಕೆ ಬೀಳುತ್ತದಲ್ಲ, ಹಾಗಾಗಿ ಎಡಗಡೆ ಇರುವ ವಸ್ತುವಿನ ಸುದ್ದಿ ಎರಡೂ ಕಣ್ಣಿನಿಂದ ಬಲ ಮಿದುಳಿಗೇ ಬರುತ್ತದೆ, ಅಲ್ಲಿ ಎರಡನ್ನೂ ಹೋಲಿಸಿ ದೂರ ಎಷ್ಟು ಅಂತ ಅಳೆಯಬಹುದು. ಈ ಅರ್ಧಂಬರ್ಧ ದಾಟುವಿಕೆಯನ್ನು ನ್ಯೂಟನ್ 1704ರಲ್ಲೇ ಊಹಿಸಿದ್ದ, ಬೆಳಕಿನ ಪುಸ್ತಕ ಬರೆಯುವ ಮಧ್ಯೆ!

ನನಗೆ ಜಾಸ್ತಿ ಇಷ್ಟ ಮಾತ್ರ ದಾರಿ ಮಧ್ಯದ ಗೊಂದಲ. ನಮ್ಮ ಒಂದೊಂದು ಕಣ್ಣಿನಿಂದಲೂ 10 ಲಕ್ಷದಷ್ಟು ಎಳೆ ಹೊರಡುತ್ತವೆ. ಇಷ್ಟೊಂದು ಇದ್ದ ಮೇಲೆ ಸಾಲು ತಪ್ಪದೆ ಹೋಗಬೇಕು ಅಲ್ವಾ? ಬೆಕ್ಕಿನ ನರವನ್ನು ಪರೀಕ್ಷಿಸಿದವರು 1979ರಲ್ಲಿ ಹೇಳಿದ್ದು ಬೇರೆ. ಕಣ್ಣಿನ ಹಿಂದೆ ಇದ್ದ ಸಾಲು ಮುಂದೆ ಹೋಗುತ್ತಾ ಕಲಸಿಹೋಗುತ್ತದೆ. ಆದರೂ ಮಿದುಳಿನಲ್ಲಿ ಕಂಡ ನೋಟದ ನಕ್ಷೆ ಸರಿಯಾಗಿಯೇ ಕೂರುತ್ತದೆ.

ಸಂಜೆ ರೊಪ್ಪದಲ್ಲಿ ಮರಿ ಬಿಡುವುದನ್ನು ಕಂಡವರಿಗೆ ಇದು ವಿಚಿತ್ರ ಅನಿಸಲಾರದು. ಒಂದೇ ಗದ್ದಲ, ಧೂಳು, ಯಾವುದು ಯಾರ ಮರಿ ಅಂತ ನಮಗೆ ತಿಳಿಯುವುದಿಲ್ಲ, ಆದರೆ ಸ್ವಲ್ಪ ಹೊತ್ತಿಗೆ ಎಲ್ಲವೂ ಅವರವರ ತಾಯಿಯ ಕೆಚ್ಚಲಿಗೇ ಬಾಯಿ ಹಾಕಿರುತ್ತವೆ. ತಾಯಿ ಮೂಸಿ ನೋಡಿ, ಬೇರೆಯದಾದರೆ ಗುದ್ದಿ ಕಳಿಸುತ್ತದೆ. ಬೆಳೆಯುವ ನರದ ಎಳೆಯ ತುದಿಯೂ ಹೀಗೇ ರಾಸಾಯನಿಕ ಗುರುತು ಹಿಡಿದು ಜಾಗ ಹುಡುಕುತ್ತದೆ. ಕೆಲವು ಗುರುತು ಬಾ ಅನ್ನುತ್ತವೆ, ಕೆಲವು ದೂರ ತಳ್ಳುತ್ತವೆ.

ಎಲ್ಲ ಸಲವೂ ಲೆಕ್ಕ ಸರಿಹೋಗುವುದಿಲ್ಲ. ಸಯಾಮಿ ಬೆಕ್ಕಿನ ಮೈಯಲ್ಲಿ ಬಣ್ಣ ಸರಿಯಾಗಿ ತಯಾರಾಗುವುದಿಲ್ಲ, ಅದೇ ಕೊರತೆಯಿಂದ ದಾಟಬಾರದ ಎಳೆಗಳೂ ದಾಟಿಬಿಡುತ್ತವೆ. ಹೀಗಾಗಿ ಅವುಗಳಲ್ಲಿ ಮೆಳ್ಳೆಗಣ್ಣು ಜಾಸ್ತಿ. ಬಿಳಿ ಹುಲಿಯಲ್ಲೂ ಇದೇ ಎಡವಟ್ಟು, ಆದರೆ ಅದರ ಮುಖಕ್ಕೆ ಮುಖ ಕೊಟ್ಟು ಮೆಳ್ಳೆಗಣ್ಣ ಅನ್ನುವ ಧೈರ್ಯ ಯಾರಿಗಿದೆ?