ಕುರಿಗಳ ಕೆಚ್ಚಲು ಬಾವಿನ ಲಸಿಕೆ: ಒಂದು ಸ್ಪಷ್ಟನೆ

‘ಲಸಿಕೆ ಹಾಕಿಸಿದ ಕುರಿಗೆ ಕೆಚ್ಚಲು ಬಾವು ಬರುವುದೇ ಇಲ್ಲ’ ಎಂಬ ಸಂದೇಶ ಕಡೂರು, ಅರಸೀಕೆರೆ ಕಡೆಯ ಕುರಿಗಾರರ ಮೊಬೈಲ್‌ಗಳಲ್ಲಿ ಹರಿದಾಡುತ್ತಿದೆ. ಇದು ತಪ್ಪು. ಲಸಿಕೆಯಿಂದ ರಕ್ತದಲ್ಲಿ ರೋಗಾಣುಗಳನ್ನು ಎದುರಿಸುವ ಪ್ರತಿಕಾಯಗಳು ಹೆಚ್ಚುತ್ತವೆ, ನಿಜ. ಆದರೆ ಆರೋಗ್ಯವಾಗಿರುವ ಕೆಚ್ಚಲಿನ ಹಾಲಿಗೆ ಅವು ಇಳಿಯುವುದು ಅಲ್ಪ. ರೋಗಾಣುಗಳನ್ನು ನುಂಗಬೇಕಾದ ಬಿಳಿ ರಕ್ತಕಣಗಳು ಹಾಲಿನ ಜಿಡ್ಡನ್ನೂ ಕೇಸೀನ್ ಎಂಬ ಪ್ರೋಟೀನನ್ನೂ ನುಂಗಿ ಬಲಗುಂದುತ್ತವೆ. ಮುಖ್ಯ ರೋಗಾಣುಗಳಲ್ಲಿ ಒಂದಾದ ಸ್ಟೆಫಿಲೊಕಾಕಸ್ ಆರಿಯಸ್ ತಾನೇ ಕಟ್ಟಿಕೊಳ್ಳುವ ಲೋಳೆಯ ಪದರದ ಮರೆಯಲ್ಲಿ ಅಡಗುತ್ತದೆ. ಹೀಗಾಗಿ ಲಸಿಕೆ ಬೇನೆಯ ತೀವ್ರತೆಯನ್ನು ತಗ್ಗಿಸಬಹುದು, ಸೋಂಕನ್ನು ಪೂರ್ತಿ ತಡೆಯಲಾರದು. ಪಿಪಿಆರ್ (ಕುರಿ, ಮೇಕೆಗಳಿಗೆ ತಗಲುವ ಒಂದು ವೈರಾಣು ರೋಗ), ಕರುಳುಬೇನೆಯ ಲಸಿಕೆಗಳಂತೂ ಈ ರೋಗಕ್ಕಾಗಿ ಇರುವವೇ ಅಲ್ಲ. ಕೆಚ್ಚಲು ನೀಲಿಗಟ್ಟಿ ತಣ್ಣಗಾದರೆ ಕುರಿಯ ಜೀವಕ್ಕೇ ಅಪಾಯ. ದಯವಿಟ್ಟು ಸಂದೇಶ ನಂಬಿ ಕಾಯಬೇಡಿ, ಅಂದೇ ಪಶುವೈದ್ಯರಿಗೆ ತೋರಿಸಿ. ಮರಿ ಹಾಲಿಗೆ ಬಂದಾಗ ತಾಯಿ ಒದ್ದು ಸರಿದರೆ, ಅದು ಬೇನೆಯ ಮೊದಲ ಸುಳಿವಾಗಿರಬಹುದು.